ಬರಡಾಗುತ್ತಿರುವ ನೆಲಕ್ಕೆ ಜಲಾನಯನ ಉಪಚಾರ: ದಿಣ್ಣೆಯಿಂದ ಹಳ್ಳದವರೆಗೆ

ಅಹಮದಾಬಾದಿನಲ್ಲಿರುವ ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರವು ಉಪಗ್ರಹ ಚಿತ್ರಗಳ ನೆರವಿನಿಂದ ಸಿದ್ಧಪಡಿಸಿದ ನಕ್ಷೆಗಳ ಪ್ರಕಾರ, 2018-19ರಲ್ಲಿ ಭಾರತದ 9.785 ಕೋಟಿ ಹೆಕ್ಟೇರ್, ಅಂದರೆ ದೇಶದ ವಿಸ್ತೀರ್ಣದ ಶೇ. 29.77ರಷ್ಟು ನೆಲ ಅವನತಿಗೆ ಒಳಗಾಗಿತ್ತು. 2003-05ರಲ್ಲಿ ಈ ಪ್ರಮಾಣ 9.453 ಕೋಟಿ ಹೆಕ್ಟೇರ್ ಇತ್ತು. ನೆಲ ಹೀಗೆ ಬರಡಾಗುವ ಮರುಭೂಮೀಕರಣ ಎಂದೊಡನೆ ನಮಗೆ ರಾಜಸ್ಥಾನದ ಮರಳು ನೆನಪಾಗುತ್ತದೆ. ಆದರೆ ಈ ನಷ್ಟದಲ್ಲಿ ಅತಿ ದೊಡ್ಡ ಪಾಲು ಮಳೆನೀರಿನ ಕೊಚ್ಚಣೆಯದು, ಮತ್ತು ನಮ್ಮ ಬಯಲುಸೀಮೆಯ ಹೊಲಗಳು ಕಳೆದುಕೊಳ್ಳುತ್ತಿರುವುದೂ ಹೆಚ್ಚಾಗಿ ಅದೇ ದಾರಿಯಿಂದ. 2019ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಡೆದ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದದ 14ನೇ ಸಮಾವೇಶದ ಸಂದರ್ಭದಲ್ಲಿ, 2030ರೊಳಗೆ 2.6 ಕೋಟಿ ಹೆಕ್ಟೇರ್ ಭೂಮಿಯನ್ನು ಪುನಶ್ಚೇತನಗೊಳಿಸುವ ಗುರಿಯನ್ನು ಭಾರತ ಘೋಷಿಸಿತು. ಆ ಗುರಿ ಊರಿನ ಮಟ್ಟಕ್ಕೆ ಇಳಿದು ಬರುವ ಮುಖ್ಯ ದಾರಿಗಳಲ್ಲಿ ಒಂದು ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ (ಒಂದೇ ಹಳ್ಳಕ್ಕೆ ನೀರು ಹರಿದು ಸೇರುವ ಪ್ರದೇಶ) ಅಭಿವೃದ್ಧಿ ಘಟಕ. 2021-22ರಲ್ಲಿ ಆರಂಭವಾದ ಇದರ ಎರಡನೆಯ ಹಂತದಲ್ಲಿ ಬಯಲು ಪ್ರದೇಶದ ವೆಚ್ಚದ ಮಿತಿಯನ್ನು ಹೆಕ್ಟೇರಿಗೆ 12,000 ರೂಪಾಯಿಯಿಂದ 22,000 ರೂಪಾಯಿಗೆ ಏರಿಸಲಾಗಿದೆ. ಇಂಥ ಯೋಜನೆ ನಿಮ್ಮ ಊರಿಗೆ ಬಂದಾಗ, ಅಥವಾ ಉದ್ಯೋಗ ಖಾತ್ರಿಯ ಕೂಲಿಯಿಂದಲೇ ಕೆಲಸ ಹಿಡಿಯಬೇಕೆಂದಾಗ, ಏನನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಮಳೆ ಬರುವಾಗ ನೆಲವನ್ನು ನೋಡಿ. ಒಂದು ಹೆಕ್ಟೇರಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಎರಡೂವರೆ ಲಕ್ಷ ಲೀಟರ್ ನೀರು. ಆ ನೀರು ಬರಿಯ ಒಂದು ಮಿಲಿಮೀಟರ್ ಮೇಲ್ಮಣ್ಣನ್ನು ಹೊತ್ತೊಯ್ದರೂ ಹೋದದ್ದು ಹತ್ತು ಘನ ಮೀಟರ್, ತೂಕದಲ್ಲಿ ಸುಮಾರು 13 ಟನ್. ನೀರು ಎಲ್ಲಿ ಹುಟ್ಟಿ, ಯಾರ ಹೊಲ ದಾಟಿ, ಯಾವ ಕೊರಕಲಿಗೆ ಬೀಳುತ್ತದೆ ಎಂಬುದನ್ನು ಊರಿನ ನಕ್ಷೆಯ ಮೇಲೆ ಬಾಣದ ಗುರುತಿನಿಂದ ಬರೆದಿಡಿ. ರಾಜ್ಯ ಸರ್ಕಾರದ ಭೂದಾಖಲೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುವುದರಿಂದ, ಯಾವುದು ಖಾಸಗಿ, ಯಾವುದು ಗೋಮಾಳ ಎಂದು ದಾಖಲೆಯೊಡನೆ ತಾಳೆ ನೋಡುವುದು ಸುಲಭ. ರಾಜ್ಯದ ಜಲಾನಯನ ಯೋಜನೆಯಾದ ಸುಜಲಾದ ಮೂರನೆಯ ಹಂತದಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆದ ಊರಾದರೆ, ಪ್ರತಿ ಹೊಲದ ಮಣ್ಣಿನ ಆಳ, ಇಳಿಜಾರು, ಒಗ್ಗುವ ಬೆಳೆಗಳ ವಿವರ ಈಗಾಗಲೇ ಸಿದ್ಧವಿರುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕೆಲಸ ಯಾವಾಗಲೂ ದಿಣ್ಣೆಯಿಂದ ಆರಂಭವಾಗಬೇಕು. ಹಳ್ಳಕ್ಕೆ ಕಟ್ಟುವ ಚೆಕ್ ಡ್ಯಾಂ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೂ ಒದಗುತ್ತದೆ, ಆದ್ದರಿಂದ ಗ್ರಾಮಸಭೆಯಲ್ಲಿ ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ. ಆದರೆ ಮೇಲಿನ ಗುಡ್ಡ ಬೋಳಾಗಿರುವಾಗ ಕೆಳಗೆ ಕಟ್ಟಿದ ಅಣೆ ಕೆಲವೇ ಮಳೆಗಾಲಗಳಲ್ಲಿ ಹೂಳು ತುಂಬಿ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಸಭೆಯಲ್ಲಿ ಹಟ ಹಿಡಿಯಲೇಬೇಕೆಂದು ನಾನು ಹೇಳುತ್ತೇನೆ.

ದಿಣ್ಣೆಯ ಮೇಲೆ ನೀರು ತಡೆಯುವ ಕಂದಕ ತೋಡಲು ಸಮಪಾತಳಿ ರೇಖೆ, ಅಂದರೆ ಒಂದೇ ಎತ್ತರದಲ್ಲಿ ಸಾಗುವ ಗೆರೆ ಬೇಕು. ಅದನ್ನು ಗುರುತಿಸಲು ದುಬಾರಿ ಉಪಕರಣ ಬೇಡ. ಸುಮಾರು ಎರಡು ಮೀಟರ್ ಉದ್ದದ ಎರಡು ಗಳುಗಳ ತಲೆಗಳನ್ನು ಕೂಡಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿದು, ತುದಿಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಿ. ಎರಡು ಗೂಟಗಳ ಮೇಲೆ ಇದನ್ನು ನಿಲ್ಲಿಸಿ ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗೆರೆ ಎಳೆಯಿರಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಮತ್ತೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವಿನ ಬಿಂದುವೇ ಸಮಮಟ್ಟ. ಇಳಿಜಾರಿಗೆ ಅಡ್ಡಲಾಗಿ, ದಾರ ಆ ಬಿಂದುವಿನಲ್ಲೇ ನಿಲ್ಲುವಂತೆ ಕಾಲೂರಿಸುತ್ತ ಸಾಗಿ, ಪ್ರತಿ ಹೆಜ್ಜೆಗೂ ಸುಣ್ಣದ ಗುರುತು ಹಾಕಿದರೆ ಕಂದಕದ ರೇಖೆ ಸಿಗುತ್ತದೆ. ಅರ್ಧ ಮೀಟರ್ ಆಳದ ಕಂದಕಗಳನ್ನು ಒಂದೇ ಉದ್ದಗೆರೆಯಾಗಿ ತೆಗೆಯದೆ, ಇಟ್ಟಿಗೆ ಜೋಡಣೆಯಂತೆ ಮೇಲಿನ ಸಾಲಿನ ತೆರವಿಗೆ ಕೆಳಗಿನ ಸಾಲು ಎದುರಾಗುವಂತೆ ತೋಡಿ. ಮಣ್ಣನ್ನು ಕೆಳಬದಿಗೆ, ಕಂದಕದ ಅಂಚಿನಿಂದ ಒಂದು ಅಡಿ ಬಿಟ್ಟು ಹಾಕಬೇಕು. ಇಲ್ಲವಾದರೆ ಮೊದಲ ಮಳೆಗೇ ಅದು ಮರಳಿ ಒಳಗೆ ಜಾರುತ್ತದೆ. ಆ ದಿಬ್ಬದ ಮೇಲೆ ಹೊಂಗೆ, ಬೇವು, ಸೀತಾಫಲದ ಬೀಜವನ್ನೂ ಸ್ಟೈಲೋ ಎಂಬ ಮೇವಿನ ಬೆಳೆಯನ್ನೂ ಬಿತ್ತಿ. ಗುಡ್ಡಕ್ಕೆ ಮೇವಿನ ನಿರ್ಬಂಧ ಹಾಕುವ ಮುನ್ನ ಕುರಿಗಾಹಿಗಳನ್ನು ಕೂರಿಸಿಕೊಂಡು ಮಾತನಾಡಿ, ಒಂದು ಭಾಗವನ್ನು ಮುಚ್ಚಿದಾಗ ಇನ್ನೊಂದು ಭಾಗ ತೆರೆದಿರುವಂತೆ ಸರದಿ ಗೊತ್ತುಮಾಡಿ. ಅವರನ್ನು ಕೇಳದೆ ಹಾಕಿದ ಬೇಲಿ ಉಳಿಯುವುದಿಲ್ಲ, ಉಳಿಯಬೇಕೆಂದು ಬಯಸುವುದೂ ನ್ಯಾಯವಲ್ಲ.

ಕೊರಕಲುಗಳಿಗೆ ಕಲ್ಲಿನ ತಡೆಗಳನ್ನು ಮೇಲಿನಿಂದ ಕೆಳಕ್ಕೆ ಕಟ್ಟುತ್ತ ಬನ್ನಿ. ಮೇಲಿನ ತಡೆಯ ಬುಡ ಮತ್ತು ಕೆಳಗಿನ ತಡೆಯ ತಲೆ ಒಂದೇ ಮಟ್ಟದಲ್ಲಿರಬೇಕು: ಕೊರಕಲು 20 ಮೀಟರಿಗೆ ಒಂದು ಮೀಟರ್ ಇಳಿಯುತ್ತಿದ್ದರೆ, ಒಂದು ಮೀಟರ್ ಎತ್ತರದ ತಡೆಗಳನ್ನು 20 ಮೀಟರಿಗೊಂದರಂತೆ ಕಟ್ಟಬೇಕು. ತಡೆಯ ಎರಡು ಬದಿಗಳನ್ನು ದಡದೊಳಗೆ ಅರ್ಧ ಮೀಟರ್ ಹುದುಗಿಸಿ, ನಡುಭಾಗವನ್ನು ಬದಿಗಳಿಗಿಂತ ಒಂದು ಅಡಿ ತಗ್ಗಾಗಿಟ್ಟು, ನೀರು ಧುಮುಕುವಲ್ಲಿ ದಪ್ಪ ಕಲ್ಲುಗಳನ್ನು ಹಾಸಿ. ನಡು ತಗ್ಗಾಗಿಲ್ಲದಿದ್ದರೆ ನೀರು ಬದಿಯ ದಡವನ್ನೇ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ.

ಹೊಲದ ಬದುಗಳಲ್ಲಿ ಮಣ್ಣಿನ ಜಾತಿ ಮುಖ್ಯ. ಕೆಂಪು ಮತ್ತು ಮಸಾರಿ ನೆಲದಲ್ಲಿ ಸಮಪಾತಳಿ ಬದು ನೀರನ್ನು ಇಂಗಿಸುತ್ತದೆ. ಎರೆ ಭೂಮಿಯಲ್ಲಿ ಅದೇ ಬದು ನೀರು ನಿಲ್ಲಿಸಿ ಬೆಳೆಯನ್ನು ಕೊಳೆಸುತ್ತದೆ, ಬೇಸಗೆಯಲ್ಲಿ ಬಿರುಕುಬಿಟ್ಟು ಮುಂಗಾರಿಗೆ ಒಡೆಯುತ್ತದೆ. ಅಲ್ಲಿ ನೂರು ಮೀಟರಿಗೆ 20ರಿಂದ 40 ಸೆಂಟಿಮೀಟರ್ ವಾಟವಿಟ್ಟು, ಹೆಚ್ಚಿನ ನೀರನ್ನು ಹುಲ್ಲು ಬೆಳೆಸಿದ ಕಾಲುವೆಗೆ ಬಿಡಬೇಕು. ಸಮಪಾತಳಿ ರೇಖೆ ಯಾರ ಹದ್ದನ್ನೂ ಲೆಕ್ಕಿಸುವುದಿಲ್ಲ, ರೈತರಾದರೋ ಹದ್ದನ್ನು ಬಿಟ್ಟುಕೊಡುವುದಿಲ್ಲ. ಹೀಗಾಗಿ ಹದ್ದಿನಲ್ಲೇ ಸಣ್ಣ ಬದು ಹಾಕಿ, ಒಳಗಿನ ಉಳುಮೆ ಮತ್ತು ಬಿತ್ತನೆಯನ್ನು ಇಳಿಜಾರಿಗೆ ಅಡ್ಡಲಾಗಿ ಮಾಡುವ ರಾಜಿ ಬಹಳ ಕಡೆ ನಡೆಯುವಂಥದ್ದು. ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಟ್ಟುಕೊಂಡು ಬಂದಿದ್ದಾರೆ. ದಟ್ಟವಾದ ಆ ಹುಲ್ಲಿನ ಸಾಲು ಹರಿವ ನೀರನ್ನು ಸೋಸಿ ಮಣ್ಣನ್ನು ಹಿಡಿಯುತ್ತದೆ. ಕೃಷಿ ಹೊಂಡಕ್ಕೆ ನೀರು ಬರುವಲ್ಲಿ ಹೂಳು ನಿಲ್ಲುವ ಸಣ್ಣ ಗುಂಡಿ ಇರಲಿ. ನೀರಾವರಿ ಪ್ರದೇಶದ ಸವಳು-ಜವಳಿನ (ಉಪ್ಪೇರಿದ, ನೀರು ನಿಂತು ಕೆಟ್ಟ ನೆಲದ) ಉಪಚಾರ ಬೇರೆಯದೇ: ಅಲ್ಲಿ ಮೊದಲು ಬಸಿಗಾಲುವೆ, ಅನಂತರವೇ ಮಣ್ಣು ಪರೀಕ್ಷೆ ಹೇಳಿದಷ್ಟು ಜಿಪ್ಸಂ.

ಕಾಗದದ ಕೆಲಸವನ್ನು ಹಗುರವಾಗಿ ಕಾಣಬೇಡಿ. ಗ್ರಾಮಸಭೆಯಲ್ಲಿ ರಚಿಸುವ ಜಲಾನಯನ ಸಮಿತಿಯಲ್ಲಿ ಮಹಿಳೆಯರೂ ಭೂರಹಿತರೂ ಇರಬೇಕು, ಮತ್ತು ವಿವರವಾದ ಯೋಜನಾ ವರದಿಯಲ್ಲಿ ಸರ್ವೆ ನಂಬರುವಾರು ಕಾಮಗಾರಿ ಇದೆಯೇ ಎಂದು ಅಂಗೀಕಾರಕ್ಕೆ ಮುನ್ನ ಗಟ್ಟಿಯಾಗಿ ಓದಿಸಿ ಕೇಳಬೇಕು. ಖಾಸಗಿ ಹೊಲದ ಕೆಲಸಕ್ಕೆ ರೈತರು ಕೊಡುವ ವಂತಿಗೆ ಜಲಾನಯನ ಅಭಿವೃದ್ಧಿ ನಿಧಿಗೆ ಸೇರುತ್ತದೆ. ಯೋಜನೆ ಮುಗಿದ ಮೇಲೆ ದುರಸ್ತಿಗೆ ಸಿಗುವುದು ಆ ಹಣವೇ.

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಸಮಿತಿಯವರು ದಿಣ್ಣೆಯಿಂದ ಹಳ್ಳದವರೆಗೆ ನಡೆದು, ಒಡೆದ ಬದು, ಜರುಗಿದ ಕಲ್ಲು, ತುಂಬಿದ ಕಂದಕಗಳನ್ನು ಗುರುತಿಸಿ ಅದೇ ವಾರ ಸರಿಪಡಿಸಬೇಕು. ಊರಿನ ನಾಲ್ಕೈದು ಬಾವಿಗಳ ನೀರಿನ ಮಟ್ಟವನ್ನು ಮುಂಗಾರಿನ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಗಂಟು ಹಾಕಿದ ಹಗ್ಗದಿಂದ ಅಳೆದು, ಪಂಚಾಯಿತಿಯಲ್ಲಿಟ್ಟ ಪುಸ್ತಕದಲ್ಲಿ ದಿನಾಂಕದೊಡನೆ ಬರೆಯಿರಿ. ಮುಂದಿನ ವರ್ಷದ ದುರಸ್ತಿಗೆ ನಿಧಿಯಿಂದ ಹಣ ಕೇಳುವಾಗ ಆ ಪುಸ್ತಕವನ್ನೇ ಸಭೆಯ ಮುಂದಿಡಬಹುದು.