ಕಮರದ ಸಸಿಗೆ ಟೋಕನ್ ಹಣ: ನನ್ನ ಅನುಭವ

ಸಿರಾ ಕಡೆ ನಮ್ಮದು 4 ಎಕರೆ ಹೊಲ. ಅಪ್ಪ ಬೇಸಾಯ ಬಿಟ್ಟ ಮೇಲೆ ಬೀಳು ಬಿದ್ದಿತ್ತು. ಕಮರ, ತಪಸಿ, ಕಗ್ಗಲಿ ಮರಗಳನ್ನು ಬೆಳೆಸಲು ಹೊರಟಾಗ ಸಸಿಗಿಂತ ಬೇಲಿಗೆ, ಬೇಸಿಗೆಯ ನೀರಿಗೆ, ಕಾಯುವವರ ಕೂಲಿಗೇ ದುಡ್ಡು ಹೆಚ್ಚು ಬೇಕಾಯಿತು. ಕಾರ್ಬನ್ ಟೋಕನ್ (ಮರ ಹೀರಿದ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಒಂದರಂತೆ ಮಾರುವ ಡಿಜಿಟಲ್ ಚೀಟಿ) ಮಾರಿ ಆ ದುಡ್ಡು ಹೊಂದಿಸುತ್ತೇನೆಂದುಕೊಂಡೆ.

ಮೊದಲು ಲೆಕ್ಕ ಕಲಿತೆ. ನೆಲದಿಂದ 1.37 ಮೀಟರ್ ಮೇಲೆ ಕಾಂಡದ ಸುತ್ತಳತೆ, ಮರದ ಎತ್ತರ, ಕಟ್ಟಿಗೆಯ ಸಾಂದ್ರತೆ ಹಿಡಿದು ಒಣತೂಕ ಅಂದಾಜು ಮಾಡಬೇಕು. ಅದರಲ್ಲಿ ಸುಮಾರು 47% ಇಂಗಾಲ. ಅದನ್ನು 3.67ರಿಂದ ಗುಣಿಸಿದರೆ ಹೀರಿಕೊಂಡ ಕಾರ್ಬನ್ ಡೈಆಕ್ಸೈಡ್. 100 ಕಿಲೋ ಒಣತೂಕದ ಮರಕ್ಕೆ 172 ಕಿಲೋ. ಒಂದು ಟನ್ನಿಗೆ ಅಂಥ 6 ಮರ. ಮೊಣಕಾಲೆತ್ತರದ ಸಸಿಗಳ ನಡುವೆ ಕೂತು ಇದನ್ನು ಬರೆಯುವಾಗ ಎದೆ ಧಸಕ್ಕೆಂದಿತು. ಕಮರ ಗಟ್ಟಿ, ಆದರೆ ತೀರಾ ನಿಧಾನ.

ಕಾರ್ಬನ್ ಸಲಹೆಗಾರರೊಬ್ಬರು ಬೇಗ ಬೆಳೆಯುವ ಒಂದೇ ಜಾತಿ ನೆಡಿ ಅಂದರು. ನೀಲಗಿರಿ ತೋಪುಗಳನ್ನು ಕಂಡ ಸೀಮೆ ನಮ್ಮದು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬರೀ ಟನ್ ಎಣಿಸುವ ಟೋಕನ್ ಹೊಲವನ್ನು ಮತ್ತೆ ಅದೇ ದಾರಿಗೆ ತಳ್ಳುತ್ತದೆ.

ಕಾರ್ಬನ್ ಕ್ರೆಡಿಟ್‌ಗಳನ್ನು (ಒಂದು ಟನ್ ಹೀರಿದ್ದಕ್ಕೆ ಅಥವಾ ತಡೆದದ್ದಕ್ಕೆ ಸಿಗುವ ಪ್ರಮಾಣಪತ್ರ) ಟೋಕನ್ ಮಾಡುವ ಟೂಕನ್ ಎಂಬವರ ಪ್ರಯೋಗದ ಕಥೆಯನ್ನೂ ಓದಿದೆ. 2021ರ ಅಕ್ಟೋಬರ್‌ನಲ್ಲಿ ಅವರು ಕ್ರೆಡಿಟ್‌ಗಳ ಲೆಕ್ಕವಿಡುವ ವೆರಾ ಸಂಸ್ಥೆಯ ನೋಂದಣಿಯಲ್ಲಿದ್ದ ಕ್ರೆಡಿಟ್‌ಗಳನ್ನು ಪಾಲಿಗಾನ್ ಎಂಬ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇರುವ ಲೆಕ್ಕದ ಪುಸ್ತಕ) ಜಾಲದ ಟೋಕನ್ ಮಾಡಿದರು. ಹಳೆಯ ಯೋಜನೆಗಳ ಕ್ರೆಡಿಟ್ಟೇ ಬಹಳ ಸೇರಿತು. 2022ರ ಮೇನಲ್ಲಿ, ಬಳಸಿ ಮುಗಿದದ್ದೆಂದು ಲೆಕ್ಕದಿಂದ ತೆಗೆದ ಕ್ರೆಡಿಟ್ ಮೇಲೆ ಟೋಕನ್ ಹೊರಡಿಸುವುದನ್ನು ವೆರಾ ನಿಷೇಧಿಸಿತು. ಒಂದೇ ಟೋಕನ್ ಇಬ್ಬರ ಕೈಯಲ್ಲಿರದಂತೆ ಬ್ಲಾಕ್‌ಚೈನ್ ನೋಡಿಕೊಳ್ಳುತ್ತದೆ, ಸರಿ. ಹೊಲದಲ್ಲಿ ಮರ ನಿಂತಿದೆಯೇ ಎಂದು ನಡೆದು ಹೋಗಿ ನೋಡಬೇಕಾದವರು ನಾವೇ.

ಆದ್ದರಿಂದ ಟನ್ ಮಾರುವ ಯೋಚನೆ ಬಿಟ್ಟೆ. ಹೊಲದಲ್ಲಿ 10 ಮೀಟರ್ ಉದ್ದಗಲದ 40 ಚೌಕ ಗುರುತಿಸಿದೆ. ಉಳಿದದ್ದು ಕರಡ ಹುಲ್ಲಿಗೇ ಇರಲಿ. ಬಯಲು ಹಕ್ಕಿಗಳಿಗೆ ಮರ ಬೇಕಿಲ್ಲ. ಒಂದು ಚೌಕದ ಒಂದು ವರ್ಷದ ಆರೈಕೆಗೆ ಒಂದು ಟೋಕನ್. ಅದನ್ನು ಇನ್ನೊಬ್ಬರಿಗೆ ಮಾರಲಾಗದಂತೆ ಬರೆದೆ. ಹಣ ಬಂದದ್ದು ರೂಪಾಯಿಯಲ್ಲಿ, ಬ್ಯಾಂಕಿಗೆ. ಬೆಲೆ ಏರುತ್ತದೆಂದು ಯಾರೂ ಕೊಳ್ಳಬಾರದು ಎಂಬುದು ನನ್ನ ಹಟ. ಪ್ರತಿ ಚೌಕದ ಅಳತೆ, ಫೋಟೊ, ತಿಂಗಳಿಗೊಮ್ಮೆ ಬೆಳಗಿನ ಹತ್ತು ನಿಮಿಷದ ಹಕ್ಕಿ ಎಣಿಕೆ ಒಂದು ಕಡತದಲ್ಲಿ; ಅದರ ಬೆರಳಚ್ಚಿನಂಥ ಹ್ಯಾಶ್ (ಕಡತ ತಿದ್ದಿದರೆ ತಾನೂ ಬದಲಾಗುವ ಸಂಕೇತ) ಮಾತ್ರ ಬ್ಲಾಕ್‌ಚೈನ್ ಜಾಲದ ಮೇಲೆ. ಇಂಗಾಲಕ್ಕೂ ಹಕ್ಕಿಗೂ ಬೇರೆ ಬೇರೆ ಕಲಂ. ಎರಡನ್ನೂ ಕೂಡಿಸಿ ಒಂದು ಅಂಕಿ ಮಾಡಲು ನನಗೆ ಮನಸ್ಸಾಗಲಿಲ್ಲ.

ಮೊದಲ ಬೇಸಿಗೆಯಲ್ಲೇ ಬೇಲಿ ಸಂದಿಯಿಂದ ಮೇಕೆ ನುಗ್ಗಿ 9 ಚೌಕ ಬೋಳಾದವು. ಅದನ್ನೂ ದಾಖಲಿಸಿದೆ. ಜಾಲದ ಮೇಲೆ ಒಮ್ಮೆ ಏರಿದ್ದು ಅಳಿಯದು ಎಂದು ಗೊತ್ತಿದ್ದರಿಂದ ಆ ರಾತ್ರಿ ಕೈ ತಡೆಯಿತು. ಟೋಕನ್ ಕೊಂಡವರಲ್ಲಿ ಇಬ್ಬರು ಬಿಟ್ಟುಹೋದರು, ಉಳಿದವರು ಬೇಲಿಗೆ ಹಣ ಕಳಿಸಿದರು.

ಈ ಮಳೆಗೆ 6 ಚೌಕದಲ್ಲಿ ಮತ್ತೆ ಕಮರ ಇಟ್ಟೆ. ಮಿಕ್ಕ ಮೂರರಲ್ಲಿ ಕರಡ ಎದ್ದಿತ್ತು, ಒಂದರಲ್ಲಿ ಹುಲ್ಲಿನ ಬುಡದಲ್ಲಿ ಗೌಜಲಹಕ್ಕಿಯ ಮೊಟ್ಟೆ. ಅಲ್ಲಿ ಗುದ್ದಲಿ ಹಾಕಲಿಲ್ಲ. ಆ ಚೌಕದ ಕಡತದಲ್ಲಿ ಈಗ ಇರುವುದು ಇಷ್ಟು: ಸಸಿ 0, ಗೂಡು 1.