ಮೂರನೇ ಹಬ್‌ಗೆ ಸರಿಹೋಯ್ತು: ನನ್ನ ಅನುಭವ

ಎಂಟು ತಿಂಗಳಾಯ್ತು. ತುಮಕೂರಿನಲ್ಲಿ ನಮ್ಮ ಮನೆಯ ಮೇಜಿನ ಮೇಲೆ ಎರಡು ಹಾರ್ಡ್ ಡಿಸ್ಕ್, ಕಾರ್ಡ್ ರೀಡರ್, ವೆಬ್‌ಕ್ಯಾಮ್, ಕೀಬೋರ್ಡ್ ಎಲ್ಲ ಒಂದೇ ಯುಎಸ್‌ಬಿ ಹಬ್ಬಿನ ಮೇಲೆ, ಅಂದರೆ ಲ್ಯಾಪ್‌ಟಾಪಿನ ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿಯ ಮೇಲೆ, ಓಡ್ತಿವೆ. ಒಂದು ಸಲವೂ ಡಿಸ್ಕ್ ಕಟ್ ಆಗಿಲ್ಲ. "ಹಬ್ ನಂಬ್ಕೊಂಡು ಎಡಿಟಿಂಗ್ ಮಾಡೋಕಾಗಲ್ಲ ಗುರು, ಹತ್ತು ಸಾವಿರ ಹಾಕಿ ಡಾಕ್ (ಹಬ್ಬಿನ ದೊಡ್ಡಣ್ಣ, ಡಾಕಿಂಗ್ ಸ್ಟೇಷನ್) ತಗೋ" ಅಂದಿದ್ದವರು ಮದುವೆ ವಿಡಿಯೊ ಮಾಡುವ ನನ್ನ ಗೆಳೆಯರೇ. ಎರಡು ಹಬ್ ದಂಡವಾಗಿಯೂ ನನಗೆ ಬಿದ್ದದ್ದು ಐದು ಸಾವಿರದ ಆಸುಪಾಸು.

ಮೊದಲನೆಯದು ಆರುನೂರರದು, ಅಡಾಪ್ಟರೇ ಇಲ್ಲದ್ದು. ಅದರ ಕಥೆ ಬೇಡ.

ಎರಡನೆಯದಕ್ಕೆ ಸಾವಿರದ ಇನ್ನೂರು ಕೊಟ್ಟೆ. ಏಳು ಪೋರ್ಟು, ಜೊತೆಗೆ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್. ಗುಬ್ಬಿ ಕಡೆಯ ಒಂದು ಮದುವೆ ಕಾಪಿ ಹಾಕಿ ಕಾಫಿಗೆ ಎದ್ದಿದ್ದೆ. ವಾಪಸ್ ಬಂದರೆ ಡಿಸ್ಕ್ ಒಳಗಿಂದ ಟಿಕ್, ಟಿಕ್ ಅಂತ ಸದ್ದು; ಸ್ಕ್ರೀನ್ ಮೇಲೆ ಡ್ರೈವೇ ಇಲ್ಲ. ಮುಹೂರ್ತದ ಕ್ಲಿಪ್ ಅರ್ಧಕ್ಕೆ ನಿಂತಿತ್ತು. ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ, ಅದೊಂದೇ ನನ್ನನ್ನು ಉಳಿಸಿದ್ದು.

ಆಮೇಲೆ ಪೋರ್ಟಿನಲ್ಲಿ ಎಷ್ಟು ವೋಲ್ಟ್ ಇದೆ ಅಂತ ತೋರಿಸುವ ನಾನೂರು ರೂಪಾಯಿಯ ಯುಎಸ್‌ಬಿ ಮೀಟರ್ ತಂದು ಹಚ್ಚಿದೆ. ಒಂದು ಡಿಸ್ಕ್ ಇದ್ದಾಗ 4.9 ವೋಲ್ಟ್. ಎರಡನೆಯದು ತಿರುಗೋಕೆ ಶುರು ಮಾಡಿದ ಕ್ಷಣ 4.5ಕ್ಕೆ ಇಳೀತು. ಯುಎಸ್‌ಬಿ 3.0 ಪೋರ್ಟ್ ಒಂದಕ್ಕೆ 900 ಮಿಲಿಆಂಪಿಯರ್ ಅಂದರೆ ಏಳಕ್ಕೆ ಆರು ಆಂಪಿಯರ್ ದಾಟುತ್ತೆ, ಕೊಟ್ಟಿದ್ದು ಎರಡು. ಪೋರ್ಟ್ ಎಣಿಸಿ ಹಬ್ ಕೊಳ್ಳಬೇಡಿ, ಅಡಾಪ್ಟರ್ ತಿರುಗಿಸಿ ಅದರ ಬೆನ್ನ ಮೇಲಿನ ಅಕ್ಷರ ಓದಿ.

ಮೂರನೆಯದಕ್ಕೆ ಮೀಟರ್ ಜೇಬಲ್ಲಿಟ್ಟುಕೊಂಡೇ ಬೆಂಗಳೂರಿನ ಎಸ್.ಪಿ. ರೋಡಿಗೆ ರೈಲು ಹತ್ತಿದೆ. ಹುಡುಕಿದ್ದು 12 ವೋಲ್ಟ್ 3 ಆಂಪಿಯರಿನದು, ಗುಣಿಸಿದರೆ 36 ವ್ಯಾಟ್; ಹಿಂದಿನದು ಬರೀ 10. ಅಂಗಡಿಯಲ್ಲೇ ಅಡಾಪ್ಟರ್ ಹಾಕಿಸಿ, ಲ್ಯಾಪ್‌ಟಾಪಿಗೆ ಹೋಗುವ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಹಾಕದೆ ಅದರ ತುದಿಗೆ ಮೀಟರ್ ಸಿಕ್ಕಿಸಿದೆ. ಅಲ್ಲಿ ಮೀಟರಿನ ಪರದೆ ಹೊತ್ತಿಕೊಂಡರೆ ಹಬ್ ಕರೆಂಟನ್ನು ಲ್ಯಾಪ್‌ಟಾಪಿಗೇ ವಾಪಸ್ ತಳ್ಳುತ್ತಿದೆ ಅಂತ ಅರ್ಥ, ಹಾಗಾಗಬಾರದು. ಮೊದಲು ಕೊಟ್ಟ ಎರಡು ಹಬ್ಬಲ್ಲೂ ಮೀಟರ್ ಹೊತ್ತಿಕೊಂಡಿತು. "ಯಾರೂ ಹೀಗೆ ನೋಡಲ್ಲಣ್ಣ" ಅಂದ ಅಂಗಡಿ ಹುಡುಗ. ಮೂರನೆಯದರಲ್ಲಿ ಕಪ್ಪಗೇ ಉಳೀತು. ಎರಡು ಸಾವಿರದ ಎಂಟುನೂರಕ್ಕೆ ತಂದೆ. ಯಾವ ಅಂಗಡಿ ಅನ್ನೋದು ನನ್ನಲ್ಲೇ ಇರಲಿ.

ಇದರ ಮಧ್ಯೆ ವೈರ್‌ಲೆಸ್ ಮೌಸ್ ತಡವರಿಸೋಕೆ ಶುರುವಾಯ್ತು. ಬ್ಯಾಟರಿ ಬದಲಿಸಿದೆ, ಬಟ್ಟೆ ಹಾಸಿದೆ, ಹೊಸ ಮೌಸನ್ನೂ ತಂದೆ. ಕಾರಣ ಬೇರೆ: ಯುಎಸ್‌ಬಿ 3.0 ಓಡುವಾಗ, ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ರೇಡಿಯೊ ಅಡಚಣೆ ಹೊರಬೀಳುತ್ತೆ, ಮೌಸಿನ ಸಿಗ್ನಲ್ ಹಿಡಿಯುವ ಪುಟ್ಟ ಡಾಂಗಲ್ ಡಿಸ್ಕಿನ ಪಕ್ಕದಲ್ಲೇ ಕೂತಿತ್ತು. ಹಳೇ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಒಂದಡಿ ದೂರ ಇಟ್ಟೆ, ಸರಿಹೋಯ್ತು.

ಹಳೇ ಹಬ್ಬಿನ ಕಾಲದಲ್ಲಿ, ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವ ಗಳಿಗೆಯಲ್ಲಿ ಡಿಸ್ಕ್ ಕಟ್ ಆಗುತ್ತಿದ್ದುದು ಇನ್ವರ್ಟರನ್ನು ಬೇಗ ಬದಲಾಗುವ ಯುಪಿಎಸ್ ಮೋಡ್‌ಗೆ ಹಾಕಿದ ಮೇಲೆ ನಿಂತಿತು. ಜೊತೆಗೆ ಇನ್ನೊಂದು ಉಪಾಯವೂ ಇದೆ. ಮನೆಗೆ ಬಂದವರಿಗೆ ತೋರಿಸ್ತೀನಿ.

ಹೋದ ವಾರ, ಡಾಕ್ ತಗೋ ಅಂದಿದ್ದ ಗೆಳೆಯನೇ ಬಂದು ಮೀಟರ್ ಕೇಳಿ ಒಯ್ದ. ರಾತ್ರಿ ಫೋನ್ ಮಾಡಿದ: "ನನ್ನದಕ್ಕೆ ಹಾಕಿದ್ರೂ ಮೀಟರ್ ಹೊತ್ಕೊಂಡ್ತು ಗುರು."