ಪೈಥಾನ್ 2ರ ಹೊಂದಾಣಿಕೆ ಕೋಡ್ ತೆಗೆಯುವಾಗ ಯಾವುದನ್ನು ಅಳಿಸಬೇಕು, ಯಾವುದನ್ನು ಮುಟ್ಟಬಾರದು

ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಆ ವರ್ಷದ ಏಪ್ರಿಲ್‌ನಲ್ಲಿ ಬಂದ 2.7.18 ಅದರ ಕೊನೆಯ ಬಿಡುಗಡೆ. ಆದರೂ ಹಳೇ ಪ್ರಾಜೆಕ್ಟ್‌ಗಳಲ್ಲಿ ಒಂದೇ ಕೋಡ್ ಪೈಥಾನ್ 2 ಮತ್ತು 3 ಎರಡರಲ್ಲೂ ಓಡಲು ನೆರವಾಗುವ ‘ಸಿಕ್ಸ್’ ಲೈಬ್ರರಿ, ಫೈಲಿನ ನೆತ್ತಿಯ ಮೇಲೆ ‘ಫ್ಯೂಚರ್’ ಇಂಪೋರ್ಟ್‌ಗಳು, ಒಂದೊಂದು ಕೆಲಸಕ್ಕೂ ಎರಡೆರಡು ಕವಲು ಈಗಲೂ ಕಾಣುತ್ತವೆ. ಬಗ್ ಹುಡುಕಲು ಕೂತವರು ಯಾವತ್ತೂ ಓಡದ ಕವಲನ್ನೂ ಓದಿ ಅರ್ಥ ಮಾಡಿಕೊಳ್ಳಬೇಕು. ಅದಕ್ಕಾಗಿಯೇ ಇದನ್ನು ತೆಗೆಯುವುದು ಒಳ್ಳೆಯದು.

ಕೋಡಿಗೆ ಕೈ ಹಾಕುವ ಮೊದಲು ಪ್ಯಾಕೇಜಿನ ವಿವರ ಸರಿಮಾಡಿ. ‘ಪೈಥಾನ್ ರಿಕ್ವೈರ್ಸ್’ ಎಂಬ ಜಾಗದಲ್ಲಿ ನಿಮಗೆ ಬೇಕಾದ ಕನಿಷ್ಠ ಆವೃತ್ತಿ ಬರೆಯಿರಿ. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ಟೂಲಿನ 9 ಮತ್ತು ಅದರ ನಂತರದ ಆವೃತ್ತಿಗಳು ಇದನ್ನು ನೋಡಿ, 2.7 ಇರುವ ಮೆಷಿನ್ನಿಗೆ ನಿಮ್ಮ ಹಳೆಯ ಬಿಡುಗಡೆಯನ್ನೇ ಕೊಡುತ್ತವೆ. ಇದನ್ನು ಮರೆತು ಬಿಡುಗಡೆ ಮಾಡಿದರೆ ಆಗುವ ತೊಂದರೆ ವಿಚಿತ್ರ: ಮುಂದಿನ ಬಿಡುಗಡೆಯಲ್ಲಿ ತಿದ್ದಿದರೂ ಪ್ರಯೋಜನವಿಲ್ಲ. ಪಿಪ್ ಆ ಹೊಸದನ್ನು ಬಿಟ್ಟು, ಮಿತಿಯೇ ಬರೆಯದ ನಡುವಿನದನ್ನು ಆರಿಸಿಕೊಳ್ಳುತ್ತದೆ, ಹಳೇ ಬಳಕೆದಾರರಿಗೆ ಸಿಂಟ್ಯಾಕ್ಸ್ ಎರರ್ ಬರುತ್ತಲೇ ಇರುತ್ತದೆ. ಆಗ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಪೈಪಿಐಯಲ್ಲಿ ಆ ಕೆಟ್ಟ ಬಿಡುಗಡೆಯನ್ನು ‘ಯ್ಯಾಂಕ್’ ಮಾಡಬೇಕು, ಅಂದರೆ ಪಿಪ್ ತಾನಾಗಿ ಆರಿಸದಂತೆ ಹಿಂತೆಗೆಯಬೇಕು.

ಸೆಟಪ್ ಫೈಲಿನಲ್ಲಿ ‘ಯೂನಿವರ್ಸಲ್’ ವೀಲ್ (ಎರಡೂ ಪೈಥಾನಿಗೆ ಒಂದೇ ಇನ್‌ಸ್ಟಾಲ್ ಫೈಲ್) ಎಂಬ ಸಾಲು ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ವೀಲಿನ ಹೆಸರಿನಲ್ಲೇ ಪೈಥಾನ್ 2 ಎಂದು ಉಳಿಯುತ್ತದೆ. ಪ್ರತಿ ಬದಲಾವಣೆಗೂ ಟೆಸ್ಟ್ ಓಡಿಸುವ ಸಿಐ ವ್ಯವಸ್ಥೆಯ ಪಟ್ಟಿಯಿಂದಲೂ 2.7ನ್ನು ತೆಗೆಯಿರಿ.

ಆಮೇಲೆ ಯಂತ್ರದ ಕೆಲಸ, ಅಂದರೆ ಹಳೇ ಕೋಡನ್ನು ಟೂಲಿನಿಂದಲೇ ತಿದ್ದಿಸುವುದು. ‘ಪೈಅಪ್‌ಗ್ರೇಡ್’ ಟೂಲನ್ನು ‘ಪೈ3 ಪ್ಲಸ್’ ಆಯ್ಕೆ ಹಾಕಿ ಓಡಿಸಿ. ಅದು ಫೋಲ್ಡರ್ ತೆಗೆದುಕೊಳ್ಳುವುದಿಲ್ಲ, ಫೈಲುಗಳ ಹೆಸರೇ ಬೇಕು; ‘ಗಿಟ್ ಎಲ್‌ಎಸ್ ಫೈಲ್ಸ್’ ಕೊಡುವ ಪಟ್ಟಿಯನ್ನು ಅದಕ್ಕೆ ದಾಟಿಸಿ. ಕ್ಲಾಸಿನ ಆವರಣದೊಳಗಿನ ‘ಆಬ್ಜೆಕ್ಟ್’, ‘ಸೂಪರ್’ ಒಳಗಿನ ಆರ್ಗ್ಯುಮೆಂಟ್‌ಗಳು, ಯುಟಿಎಫ್-8 ಕಾಮೆಂಟು ಎಲ್ಲ ಹೋಗುತ್ತವೆ, ‘ಸಿಕ್ಸ್’ನ ‘ಇಟರ್‌ಐಟಂಸ್’ ಇದ್ದಲ್ಲಿ ‘ಐಟಂಸ್’ ಬರುತ್ತದೆ. ಈ ಬದಲಾವಣೆಯನ್ನು ಬೇರೆ ಯಾವುದರ ಜೊತೆಗೂ ಬೆರೆಸದೆ ಒಂದೇ ಕಮಿಟ್ ಮಾಡಿ.

ಉಳಿದದ್ದು ಕೈಕೆಲಸ. ಪ್ರಾಜೆಕ್ಟಿನವರೇ ‘ಕಂಪ್ಯಾಟ್’ ಫೈಲಿನಲ್ಲಿ ಬರೆದುಕೊಂಡ ‘ಪೈ2’ ಎಂಬ ಹೆಸರು ಟೂಲಿಗೆ ತಿಳಿಯುವುದಿಲ್ಲ. ಅದನ್ನು ಹುಡುಕಿ, ಪೈಥಾನ್ 3ರ ಕವಲನ್ನು ಮಾತ್ರ ಇಟ್ಟು ಇಂಡೆಂಟ್ ಸರಿಮಾಡಿ. ‘ನಾನ್‌ಝೀರೊ’ ಮತ್ತು ‘ಯೂನಿಕೋಡ್’ ಮೆಥಡ್‌ಗಳನ್ನು ಅಳಿಸುವ ಮೊದಲು ಅವುಗಳ ಜೋಡಿಯಾದ ‘ಬೂಲ್’, ‘ಎಸ್‌ಟಿಆರ್’ ಮೆಥಡ್‌ಗಳು ಇವೆಯೇ ನೋಡಿ. ‘ಬೂಲ್’ ಇಲ್ಲದಿದ್ದರೆ ಆ ಕ್ಲಾಸಿನ ನಿಜ-ಸುಳ್ಳಿನ ಪರೀಕ್ಷೆ ಪೈಥಾನ್ 3ರಲ್ಲಿ ಮೊದಲಿನಿಂದಲೂ ತಪ್ಪಾಗಿತ್ತು ಎಂದರ್ಥ. ಅದು ಅಳಿಸಬೇಕಾದ ಸಾಲಲ್ಲ, ಸರಿಪಡಿಸಬೇಕಾದ ಬಗ್.

ಟೆಸ್ಟ್‌ಗಳಲ್ಲಿ ಮಾಕ್ ಮಾಡುವ (ನಿಜವಾದದ್ದರ ಜಾಗದಲ್ಲಿ ನಕಲಿ ಇಡುವ) ಗುರಿ ಉದ್ಧರಣ ಚಿಹ್ನೆಯೊಳಗೆ ಬರೀ ಪಠ್ಯವಾಗಿ ಇರುತ್ತದೆ, ಯಾವ ಟೂಲೂ ಅದನ್ನು ತಿದ್ದುವುದಿಲ್ಲ. ‘ಸಿಕ್ಸ್’, ‘ಕಂಪ್ಯಾಟ್’ ಪದಗಳನ್ನು ಗ್ರೆಪ್ ಮಾಡಿಯೇ ಹಿಡಿಯಬೇಕು. ‘ಪ್ರಾಗ್ಮಾ ನೋ ಕವರ್’ ಕಾಮೆಂಟುಗಳನ್ನೂ ಹುಡುಕಿ. ಹಳೇ ಕವಲುಗಳನ್ನು ಕವರೇಜಿನಿಂದ (ಟೆಸ್ಟ್ ಎಷ್ಟು ಕೋಡನ್ನು ಓಡಿಸಿತು ಎಂಬ ಅಳತೆಯಿಂದ) ಮರೆಮಾಡಲು ಹಾಕಿದವು ಅಲ್ಲಿ ಬಹಳ ಸಿಗುತ್ತವೆ.

ಈಗ ಮುಟ್ಟಬಾರದ್ದು. ‘ಇಂಪೋರ್ಟ್ ಎರರ್’ ಹಿಡಿಯುವ ಪ್ರತಿ ಸಾಲೂ ಪೈಥಾನ್ 2ಕ್ಕಾಗಿ ಇರುವುದಲ್ಲ. ‘ಎಲ್‌ಎಕ್ಸ್‌ಎಂಎಲ್’ನಂಥ ಐಚ್ಛಿಕ ಲೈಬ್ರರಿ ಇಲ್ಲದಿದ್ದರೂ ಕೆಲಸ ನಡೆಯಲಿ ಎಂದು ಬರೆದದ್ದೂ ನೋಡಲು ಹಾಗೇ ಇರುತ್ತದೆ. ಡಿಕ್ಷನರಿಯ ‘ಕೀಸ್’ ಸುತ್ತ ಇರುವ ‘ಲಿಸ್ಟ್’ ಕೂಡ ಹಳೇ ಕಸದಂತೆ ಕಾಣುತ್ತದೆ. ಆದರೆ ಲೂಪಿನೊಳಗೆ ಕೀ ಅಳಿಸುತ್ತಿದ್ದರೆ ಅದು ಇರಲೇಬೇಕು, ತೆಗೆದರೆ ಡಿಕ್ಷನರಿಯ ಗಾತ್ರ ಬದಲಾಯಿತು ಎಂಬ ರನ್‌ಟೈಮ್ ಎರರ್ ಬರುತ್ತದೆ.

ಇವೆರಡಕ್ಕಿಂತ ದುಬಾರಿ ತಪ್ಪು ಪಿಕಲ್ ಫೈಲಿನದು, ಅಂದರೆ ಪೈಥಾನಿನ ಡೇಟಾವನ್ನು ಉಳಿಸಿಟ್ಟ ಫೈಲಿನದು. ಪೈಥಾನ್ 2 ಬರೆದಿಟ್ಟ ಪಿಕಲನ್ನು ಓದುವಾಗ ‘ಲ್ಯಾಟಿನ್1’ ಎನ್‌ಕೋಡಿಂಗ್ ಕೊಡುವ ಸಾಲು ಡಿಸ್ಕಿನಲ್ಲಿರುವ ಡೇಟಾಕ್ಕಾಗಿ ಇದೆ. ಇಂಟರ್‌ಪ್ರಿಟರ್ ಬದಲಾದರೂ ಡೇಟಾ ಬದಲಾಗಿಲ್ಲ. ಅದನ್ನು ಅಳಿಸಿದರೆ ಟೆಸ್ಟ್‌ಗಳೆಲ್ಲ ಪಾಸಾಗಿ, ಯಾರದೋ ಹತ್ತು ವರ್ಷದ ಹಳೇ ಫೈಲ್ ತೆರೆಯದೆ ಹೋಗಬಹುದು.

ನಿಮ್ಮ ‘ಕಂಪ್ಯಾಟ್’ ಫೈಲಿನಿಂದ ಹೊರಗಿನವರೂ ಇಂಪೋರ್ಟ್ ಮಾಡುತ್ತಿರಬಹುದು. 2019ರ ಡಿಸೆಂಬರಿನಲ್ಲಿ ಬಂದ ವೆಬ್ ಫ್ರೇಮ್‌ವರ್ಕ್ ಜಾಂಗೊ 3.0 ತನ್ನೊಳಗಿನ ‘ಸಿಕ್ಸ್’ ಪ್ರತಿಯನ್ನು ತೆಗೆದಾಗ, ಅದನ್ನೇ ನಂಬಿಕೊಂಡಿದ್ದ ಹೊರಗಿನ ಪ್ಯಾಕೇಜ್‌ಗಳು ಮುರಿದವು. ಒಂದು ಬಿಡುಗಡೆಯ ಮಟ್ಟಿಗೆ ಡಿಪ್ರಿಕೇಶನ್ ಎಚ್ಚರಿಕೆ ಕೊಟ್ಟು ಆಮೇಲೆ ತೆಗೆಯಿರಿ.

ಅವಲಂಬನೆಗಳ ಪಟ್ಟಿಯಲ್ಲಿ ‘ಎನಮ್34’ (ಹಳೇ ಪೈಥಾನಿಗೆ ‘ಎನಮ್’ ಒದಗಿಸುವ ಪ್ಯಾಕೇಜ್) ಇದ್ದರೆ ತೆಗೆಯಲು ತಡ ಮಾಡಬೇಡಿ. ಆವೃತ್ತಿಯ ಷರತ್ತಿಲ್ಲದೆ ಅದು 3.6ರಲ್ಲಿ ಅಥವಾ ಆಮೇಲಿನದರಲ್ಲಿ ಕೂತರೆ ಕೆಲವೊಮ್ಮೆ ಪೈಥಾನಿನದೇ ‘ಎನಮ್’ ಮರೆಯಾಗಿ, ‘ರೀ’ ಮಾಡ್ಯೂಲ್ ಇಂಪೋರ್ಟ್ ಆಗುವಾಗಲೇ ‘ಇಂಟ್‌ಫ್ಲ್ಯಾಗ್ ಇಲ್ಲ’ ಎಂಬಂಥ ದೋಷ ಕೊಟ್ಟು ನಿಲ್ಲಬಹುದು. ದೋಷ ಕಾಣುವ ಜಾಗಕ್ಕೂ ಕಾರಣಕ್ಕೂ ಸಂಬಂಧವೇ ತೋರದ್ದರಿಂದ ದಿನಗಟ್ಟಲೆ ಅಲೆಸುತ್ತದೆ. ಹೊರಗಿನ ‘ಮಾಕ್’ ಪ್ಯಾಕೇಜಿನ ಬದಲು ಪೈಥಾನ್ 3.3ರಿಂದ ಜೊತೆಗೇ ಬರುವ ‘ಯೂನಿಟ್‌ಟೆಸ್ಟ್’ನ ‘ಮಾಕ್’ ಸಾಕು.

ಎಲ್ಲ ವಿಲೀನವಾದ ಮೇಲೆ ಆ ಯಂತ್ರದ ಕಮಿಟ್ಟಿನ ಪೂರ್ಣ ಹ್ಯಾಶನ್ನು ಒಂದು ಫೈಲಿನಲ್ಲಿ ಬರೆದು, ಗಿಟ್‌ನ ‘ಬ್ಲೇಮ್ ಇಗ್ನೋರ್ ರೆವ್ಸ್ ಫೈಲ್’ ಸೆಟ್ಟಿಂಗಿಗೆ ಅದರ ಹೆಸರು ಕೊಡಿ. ಗಿಟ್ 2.23ರಿಂದ ಇದು ಇದೆ. ಒಂದು ಸಾಲನ್ನು ನಿಜವಾಗಿ ಬರೆದವರು ಯಾರೆಂದು ಹುಡುಕುವವರಿಗೆ ಆಗ ನಿಮ್ಮ ಶುಚಿಕಾರ್ಯ ಅಡ್ಡ ಬರುವುದಿಲ್ಲ.